ಎಳೆದಾಗ ತಿಳಿಯುವ ಬಿಲ್ಲು

(ಜುಮಾ ಖುತ್ಬಾದ ಸಾರಾಂಶ)



ಜುಮಾದ ದಿನ ಖತೀಬರು ಮಿಂಬರ್ ಏರುವಾಗ ನಮ್ಮ ಕರಾವಳಿಯ ಬಹಳಷ್ಟು ಮಸೀದಿಗಳಲ್ಲಿ ಅವರ ಕೈಗೆ ಒಂದು ಕೋಲನ್ನೋ ಮರದ ಖಡ್ಗವನ್ನೋ ಕೊಡುವ ರೂಢಿಯಿದೆ. ಮುಂದಿನ ಸಾಲಿನ ಮಕ್ಕಳು ಖುತ್ಬಾ ಮುಗಿಯುವವರೆಗೂ ಅದನ್ನೇ ನೋಡುತ್ತಾ ಕೂತಿರುತ್ತಾರೆ. ಈ ರೂಢಿಗೆ ಆಧಾರವಾಗಿ ಉಲಮಾಗಳು ತೋರಿಸುವ ಒಂದು ವರದಿ ಅಬೂದಾವೂದ್ ಗ್ರಂಥದಲ್ಲಿದೆ. ಹ. ಹಕಮ್ ಬಿನ್ ಹಝ್ನ್(ರ) ಎಂಬವರು ಒಂದು ಸಣ್ಣ ನಿಯೋಗದ ಜೊತೆ ಮದೀನಾಕ್ಕೆ ಬಂದು ಕೆಲವು ದಿನ ಅಲ್ಲಿ ತಂಗಿದರು. ಪ್ರವಾದಿವರ್ಯರ(ಸ) ಜೊತೆ ಒಂದು ಜುಮಾದಲ್ಲೂ ಪಾಲ್ಗೊಂಡರು. ಅಂದು ಪ್ರವಾದಿವರ್ಯರು(ಸ) ಒಂದು ಕೋಲನ್ನೋ ಬಿಲ್ಲನ್ನೋ ಊರಿಕೊಂಡು ನಿಂತು ಉಪದೇಶ ನೀಡಿದರು ಎಂದು ಅವರು ನೆನಪಿಸಿಕೊಳ್ಳುತ್ತಾರೆ.

ಅಂದಿನ ಉಪದೇಶದ ಸಾರ ಹೀಗಿದೆ. ನಿಮಗೆ ಆಜ್ಞಾಪಿಸಲಾದ ಎಲ್ಲವನ್ನೂ ನೀವು ಸಂಪೂರ್ಣವಾಗಿ ಮಾಡಿ ಮುಗಿಸಲಾರಿರಿ, ಆದರೆ ನೇರವಾಗಿರಿ, ಶುಭವಾರ್ತೆ ಪಡೆಯಿರಿ. ‘ನೇರವಾಗಿರಿ’ ಎಂಬಲ್ಲಿ ಬಂದಿರುವ ಅರಬಿ ಪದ ‘ಸದ್ದಿದೂ’. ಬಾಣವನ್ನು ಗುರಿಗೆ ಹಿಡಿಯುವುದಕ್ಕೂ ಅರಬರು ಹೇಳುವುದು ಇದೇ ಪದವನ್ನು. ಹ. ಅಲೀ(ರ)ಯವರಿಗೆ ಒಂದು ದುಆ ಕಲಿಸುವಾಗಲೂ, ‘ಸದಾದ್’ ಎಂದು ಬೇಡುವಾಗ ಬಾಣದ ನೇರವನ್ನು ಮನಸ್ಸಿಗೆ ತಂದುಕೊಳ್ಳುವಂತೆ ಪ್ರವಾದಿವರ್ಯರು(ಸ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬಿಲ್ಲು ಬಾಣಗಳು ಆ ಜನರ ಕೈಯಲ್ಲಿ ದಿನವೂ ಇದ್ದ ವಸ್ತುಗಳು. ಆದ್ದರಿಂದ ದೀನ್‌ನ ಮಾತು ಕೂಡ ಅವುಗಳ ಮೂಲಕ ಅವರ ಮನಸ್ಸಿಗೆ ಇಳಿಯುತ್ತಿತ್ತು.

ಬಿಲ್ಲಿನ ಮಾತು ಎಂದ ಕೂಡಲೇ ಯಾರೂ ಯುದ್ಧದ ಮಾತು ಎಂದುಕೊಳ್ಳಬೇಡಿ. ಮರುಭೂಮಿಯಲ್ಲಿ ಬಿಲ್ಲು ಎಂದರೆ ಮನೆಯ ಒಲೆ ಉರಿಯುವ ದಾರಿಯೂ ಹೌದು. ಬಿಲ್ಲಿನಿಂದ ಹೊಡೆದ ಬೇಟೆಯನ್ನು ತಿನ್ನಬಹುದೇ ಎಂದು ಸಹಾಬಿಗಳು ಕೇಳಿದ ಪ್ರಶ್ನೆಗಳು ಹದೀಸ್ ಗ್ರಂಥಗಳಲ್ಲಿವೆ. ಹ. ಇಸ್ಮಾಯೀಲ್(ಅ) ಬಿಲ್ಲುಗಾರರಾಗಿದ್ದರು. ತಂದೆ ಹ. ಇಬ್ರಾಹೀಮ್(ಅ) ಬಹಳ ಕಾಲದ ನಂತರ ಮಗನನ್ನು ನೋಡಲು ಬಂದಾಗ ಮಗ ಏನು ಮಾಡುತ್ತಿದ್ದರು ಗೊತ್ತೇ? ಝಮ್‌ಝಮ್‌ನ ಹತ್ತಿರ ಒಂದು ದೊಡ್ಡ ಮರದ ಕೆಳಗೆ ಕೂತು ಬಾಣ ಹೆರೆಯುತ್ತಿದ್ದರು. ಬುಖಾರಿಯಲ್ಲಿ ಹಾಗೆಯೇ ಇದೆ. ಕಅಬಾದ ಗೋಡೆ ಎತ್ತಬೇಕೆಂಬ ಅಲ್ಲಾಹನ ಆಜ್ಞೆ ಅವರ ಕಿವಿಗೆ ಬಿದ್ದದ್ದು ಆ ಭೇಟಿಯಲ್ಲೇ. ಮರ ಹೆರೆಯುತ್ತಿದ್ದ ಕೈಯೇ ಎದ್ದು ಹೋಗಿ ಕಲ್ಲು ಹೊತ್ತಿತು.

ನಾವು ಇಂದು ಹೇಳಬೇಕೆಂದಿರುವುದು ಬಿಲ್ಲು ಹಿಡಿಯುವವನ ಬಗ್ಗೆ ಅಲ್ಲ, ಬಿಲ್ಲು ಮಾಡುವವನ ಬಗ್ಗೆ. ಅರಬಿಯಲ್ಲಿ ಅವನಿಗೆ ‘ಖವ್ವಾಸ್’ ಎನ್ನುತ್ತಾರೆ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಒಂದು ಹದೀಸಿನ ಪ್ರಕಾರ ಒಂದೇ ಒಂದು ಬಾಣದ ಕಾರಣದಿಂದ ಅಲ್ಲಾಹನು ಮೂವರನ್ನು ಸ್ವರ್ಗಕ್ಕೆ ಸೇರಿಸುತ್ತಾನೆ: ಅದನ್ನು ಮಾಡಿದವನು, ಎಸೆದವನು, ಎಸೆಯುವವನ ಕೈಗೆ ಎತ್ತಿಕೊಟ್ಟವನು. ಮೊದಲ ಹೆಸರು ಮಾಡಿದವನದ್ದು. ಆದರೆ ಅವನಿಗೆ ಮಾತ್ರ ಒಂದು ಷರತ್ತನ್ನು ಎತ್ತಿ ಹೇಳಲಾಗಿದೆ. ಮಾಡುವ ಕೆಲಸದಲ್ಲಿ ಅವನು ಒಳಿತನ್ನು ಬಯಸಿರಬೇಕು. ಆ ಷರತ್ತು ಅವನಿಗೇ ಯಾಕೆ? ಎಸೆದವನ ಕೆಲಸ ಎಲ್ಲರ ಕಣ್ಣ ಮುಂದೆ ನಡೆಯುತ್ತದೆ. ಮಾಡಿದವನ ಕೆಲಸ ಮರದ ಒಳಗೆ ಅಡಗಿರುತ್ತದೆ. ಈ ಹದೀಸನ್ನು ವರದಿ ಮಾಡಿದವರು ಹ. ಉಖ್ಬಾ ಬಿನ್ ಆಮಿರ್(ರ). ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹಸಿಮರ ಬಿಲ್ಲಾಗುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಜಮಾಅತಿನ ಮರಗೆಲಸದವರಿಗೆ ಇದರಲ್ಲಿ ಹೊಸದು ಕಡಿಮೆ, ಉಳಿದವರು ಕೇಳಲಿ.

ಮೊದಲು ಮರದ ಆಯ್ಕೆ. ಹಿಜಾಝ್‌ನ ಬೆಟ್ಟಗಳ ಮೇಲೆ ಬೆಳೆಯುವ ‘ನಬ್‌ಅ್’ ಎಂಬ ಮರವನ್ನು ಅರಬರು ಬಿಲ್ಲಿಗೆ ಅತಿ ಶ್ರೇಷ್ಠವೆಂದು ತಿಳಿದಿದ್ದರು. ಭಾಷಾಪಂಡಿತ ಅಲ್ ಮುಬರ್ರದ್ ಹೇಳುವ ಪ್ರಕಾರ ನಬ್‌ಅ್, ಶಿರ್ಯಾನ್, ಶೌಹತ್ ಇವು ಮೂರೂ ಒಂದೇ ಮರ. ಬೆಟ್ಟದ ತುದಿಯಲ್ಲಿ ಬೆಳೆದರೆ ನಬ್‌ಅ್, ಇಳಿಜಾರಿನಲ್ಲಿ ಬೆಳೆದರೆ ಶಿರ್ಯಾನ್, ಬುಡದಲ್ಲಿ ಬೆಳೆದರೆ ಶೌಹತ್. ಗಾಳಿ, ಬಿಸಿಲು, ಕಲ್ಲುನೆಲಗಳ ನಡುವೆ ನಿಧಾನವಾಗಿ ಬೆಳೆದ ಮರಕ್ಕೆ ಉಳಿದವಕ್ಕಿಂತ ಹೆಚ್ಚಿನ ಗೌರವ. ಪ್ರವಾದಿವರ್ಯರ(ಸ) ಬಿಲ್ಲುಗಳಲ್ಲಿ ‘ಸಫ್ರಾ’ ನಬ್‌ಅ್ ಮರದ್ದು, ‘ಬೈದಾ’ ಶೌಹತ್ ಮರದ್ದು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಇಬ್ನುಲ್ ಖಯ್ಯಿಮ್‌ರ ಪಟ್ಟಿಯಲ್ಲಿ ಒಟ್ಟು ಆರು ಬಿಲ್ಲುಗಳ ಹೆಸರಿದೆ. ಅವುಗಳಲ್ಲಿ ಒಂದರ ಹೆಸರು ‘ಸದಾದ್’, ಈಗಷ್ಟೇ ಹೇಳಿದ ಅದೇ ಪದ.

ಆಯ್ದ ಮರವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಒಳ್ಳೆಯದು. ಗರಗಸ ನಾವು ತಳ್ಳಿದ ಕಡೆಗೆ ಹೋಗುತ್ತದೆ. ಬೆಣೆ ಹಾಗಲ್ಲ, ಅದು ಮರದ ನಾರು ಹೋದ ಕಡೆಗೇ ಹೋಗುತ್ತದೆ. ಹೊರಗಿನಿಂದ ನೆಟ್ಟಗೆ ಕಾಣುವ ಮರದ ನಾರು ಒಳಗೆ ತಿರುಚಿಕೊಂಡಿರಬಹುದು. ಗರಗಸದಿಂದ ಕೊಯ್ದರೆ ಹಲಗೆ ನೇರವಾಗಿ ಬಂದೀತು, ಆದರೆ ನಾರು ಅಲ್ಲಲ್ಲಿ ತುಂಡಾಗಿರುತ್ತದೆ. ಸೀಳಿದರೆ ಮರ ತನ್ನ ಸತ್ಯವನ್ನು ಅಲ್ಲೇ ಹೇಳಿಬಿಡುತ್ತದೆ. ಸೀಳದೆ ಇಡೀ ಕೊಂಬೆಯಿಂದಲೇ ಮಾಡಿದ ಬಿಲ್ಲಿಗೆ ಅರಬರು ‘ಖದೀಬ್’ ಎಂದರು, ಸೀಳಿದ ಹೋಳಿನಿಂದ ಮಾಡಿದ್ದಕ್ಕೆ ‘ಫಿಲ್ಖ್’ ಎಂದರು.

ಆಮೇಲೆ ಒಣಗಿಸುವುದು. ಹಸಿಮರದ ನೀರು ತುದಿಗಳಿಂದ ಬೇಗ ಹೊರಡುತ್ತದೆ, ನಡುವಿನಿಂದ ನಿಧಾನವಾಗಿ. ಹಾಗೆಯೇ ಬಿಟ್ಟರೆ ತುದಿ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ಒಳಕ್ಕೆ ಓಡುತ್ತದೆ. ಆದ್ದರಿಂದ ತುದಿಗಳಿಗೆ ಮೇಣವನ್ನೋ ಕೊಬ್ಬನ್ನೋ ಬಳಿದು ನೆರಳಿನಲ್ಲಿಡುತ್ತಾರೆ. ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಮೇಲ್ಮೈ ಒಣಗುತ್ತದೆ, ಒಳಗು ಹಸಿಯಾಗಿಯೇ ಉಳಿಯುತ್ತದೆ. ಹಸಿಮರದ ಬಿಲ್ಲನ್ನು ಬಗ್ಗಿಸಿದರೆ ಅದು ಬಗ್ಗಿದಂತೆಯೇ ಇದ್ದುಬಿಡುತ್ತದೆ, ಚಿಮ್ಮಿ ಮರಳುವ ಕಸುವು ಅದಕ್ಕಿರುವುದಿಲ್ಲ.

ಇನ್ನು ಕೆತ್ತನೆ. ಬಿಲ್ಲನ್ನು ಎಳೆದಾಗ ಹೊರಮೈಯ ನಾರು ಹಿಗ್ಗುತ್ತದೆ, ಎಳೆಯುವವನ ಕಡೆಗಿರುವ ಒಳಮೈ ಕುಗ್ಗುತ್ತದೆ. ಒಂದೇ ಮರ, ಒಂದೇ ಗಳಿಗೆಯಲ್ಲಿ ಎರಡು ವಿರುದ್ಧ ಕಷ್ಟಗಳನ್ನು ಹೊರಬೇಕು. ಇಂಗ್ಲೆಂಡಿನವರು ತಮ್ಮ ಉದ್ದ ಬಿಲ್ಲಿಗೆ ‘ಯೂ’ ಎಂಬ ಮರ ಆರಿಸಿದ್ದು ಇದಕ್ಕಾಗಿ. ಅದರ ಹೊರಗಿನ ಬಿಳಿ ಭಾಗ ಹಿಗ್ಗನ್ನು ತಾಳುತ್ತದೆ, ಒಳಗಿನ ಚೇಗು ಕುಗ್ಗನ್ನು ತಾಳುತ್ತದೆ. ಅರಬರು ಹೊರಮೈಗೆ ‘ವಹ್ಶೀ’, ಅಂದರೆ ಕಾಡಿನ ಕಡೆ ಎಂದೂ ಒಳಮೈಗೆ ‘ಇನ್ಸೀ’, ಅಂದರೆ ಮನುಷ್ಯನ ಕಡೆ ಎಂದೂ ಹೆಸರಿಟ್ಟರು. ಹೊರಮೈಯ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಸಾಗಬೇಕು. ಎಲ್ಲಾದರೂ ಉಳಿ ಆಳಕ್ಕೆ ಇಳಿದು ನಾರು ಕಡಿದಿದ್ದರೆ ಬಿಲ್ಲು ಒಡೆಯುವುದು ಅಲ್ಲಿಂದಲೇ. ಗಂಟು ಬಂದ ಕಡೆ ಜಾಣನಾದವನು ಅದನ್ನು ಕೆತ್ತಿ ನಯ ಮಾಡಲು ಹೋಗುವುದಿಲ್ಲ, ಅದರ ಸುತ್ತ ಸ್ವಲ್ಪ ಹೆಚ್ಚು ಮರ ಬಿಡುತ್ತಾನೆ. ನೋಡಲು ಉಬ್ಬು, ಆದರೆ ಬಲ ಇರುವುದು ಆ ಉಬ್ಬಿನಲ್ಲಿ.

ಎಲ್ಲಕ್ಕಿಂತ ತಾಳ್ಮೆಯ ಕೆಲಸ ಬಾಗು ಹದ ಮಾಡುವುದು. ಸ್ವಲ್ಪ ಬಗ್ಗಿಸಿ ನೋಡಬೇಕು. ಎಲ್ಲಿ ಬಿಗಿಯಾಗಿದೆಯೋ ಅಲ್ಲಿಂದ ಮಾತ್ರ ತೆಳ್ಳಗಿನ ಹೆರೆ ತೆಗೆಯಬೇಕು. ಮತ್ತೆ ಬಗ್ಗಿಸಬೇಕು, ಮತ್ತೆ ನೋಡಬೇಕು. ಎರಡು ಕೈಗಳೂ ಸಮವಾಗಿ ಬಾಗುವವರೆಗೆ ಮುಂದಿನ ಹಂತಕ್ಕೆ ಎಳೆಯಬಾರದು. ಇಲ್ಲಿ ಒಂದು ಕಠಿಣ ನಿಯಮವಿದೆ. ತೆಗೆದ ಮರವನ್ನು ಮತ್ತೆ ಹಚ್ಚಲಾಗದು. ಒಂದು ಕಡೆ ಹೆಚ್ಚು ತೆಗೆದು ಬಡಕಲಾದರೆ ಆ ಜಾಗವನ್ನು ಬಲಪಡಿಸುವ ದಾರಿಯಿಲ್ಲ, ಇಡೀ ಬಿಲ್ಲನ್ನೇ ಆ ಬಡಕಲು ಜಾಗದ ಮಟ್ಟಕ್ಕೆ ಇಳಿಸಬೇಕಾಗುತ್ತದೆ. (ಜಮಾಅತಿನ ಆಡಳಿತ ನಡೆಸುವವರು ಇದನ್ನು ಮನೆಗೆ ಹೋಗಿ ಯೋಚಿಸಬಹುದು.) ಬಿಲ್ಲಿನ ಭಾಗಗಳಿಗೂ ಅರಬರು ದೇಹದ ಹೆಸರುಗಳನ್ನೇ ಕೊಟ್ಟಿದ್ದಾರೆ. ನಡುಭಾಗ ‘ಕಬಿದ್’, ಎಂದರೆ ಯಕೃತ್ತು. ಅದರ ಪಕ್ಕದ್ದು ‘ಕುಲ್ಯಾ’, ಮೂತ್ರಪಿಂಡ. ಮೇಲಿನ ತೋಳು ‘ಕೈ’, ಕೆಳಗಿನದು ‘ಕಾಲು’. ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದವರಿಗೆ ಅದು ಬರೀ ಮರವಾಗಿ ಉಳಿದಿರಲಿಲ್ಲ.

ಇದಕ್ಕೆ ಸಾಕ್ಷಿ ಶಮ್ಮಾಖ್ ಬಿನ್ ದಿರಾರ್ ಎಂಬ ಕವಿಯ ಒಂದು ಕಾವ್ಯ. ಜಾಹಿಲಿಯ್ಯಾ ಕಾಲವನ್ನೂ ಇಸ್ಲಾಮನ್ನೂ ಕಂಡವರು ಅವರು. ಒಬ್ಬ ಖವ್ವಾಸ್ ಕಾಡು ಎಲಚಿಯ ಒಂದು ಕೊಂಬೆಯನ್ನು ಗುರುತಿಸುವುದರಿಂದ ಕಥೆ ಶುರುವಾಗುತ್ತದೆ. ಕೊಂಬೆ ದಟ್ಟ ಪೊದೆಯ ನಡುವೆ ಮರೆಯಾಗಿ ನೇರವಾಗಿ ಬೆಳೆದಿದೆ. ಅವನು ಹಸಿ ಒಣ ಎನ್ನದೆ ಅಡ್ಡ ಬಂದ ಕೊಂಬೆಗಳನ್ನು ಕಡಿಯುತ್ತಾ ಒಳಗೆ ನುಸುಳಿ ಅದನ್ನು ತಲಪುತ್ತಾನೆ. ಅದು ಕೈಗೆ ಬಂದಾಗ ತನ್ನ ಬಡತನ ಮುಗಿಯಿತು ಎಂದುಕೊಳ್ಳುತ್ತಾನೆ. ಆದರೆ ಮಾರಲು ಓಡುವುದಿಲ್ಲ. ಎರಡು ವರ್ಷ ಇಟ್ಟುಕೊಂಡು ಅದರ ಡೊಂಕು ಎಲ್ಲಿದೆ, ಎಲ್ಲಿ ಒತ್ತಬೇಕು ಎಂದು ನೋಡುತ್ತಲೇ ಇರುತ್ತಾನೆ. ‘ಸಿಖಾಫ್’ ಎಂಬ ಸಾಧನದಿಂದ ಡೊಂಕು ತಿದ್ದುತ್ತಾನೆ. ಬಿಲ್ಲು, ಈಟಿಗಳನ್ನು ನೇರ ಮಾಡುವ ಮರದ ಸಾಧನ ಅದು. ಸಂಸ್ಕೃತಿ ಎಂಬರ್ಥದ ‘ಸಖಾಫತ್’ ಇದೇ ಧಾತುವಿನದು. ನಮ್ಮ ನಾಡಿನ ಎಷ್ಟೋ ಉಲಮಾಗಳ ಹೆಸರಿನ ಜೊತೆ ಬರುವ ‘ಸಖಾಫಿ’ ಬಿರುದಿನ ಮೂಲವೂ ಅಲ್ಲೇ ಇದೆ. ವಿದ್ಯೆ ಎಂದರೆ ಡೊಂಕು ತೆಗೆಯುವುದು ಎಂದು ಭಾಷೆಗೇ ಗೊತ್ತಿತ್ತು.

ಬಿಲ್ಲು ಸಿದ್ಧವಾದ ಮೇಲೆ ಅವನು ಅದನ್ನು ಸಂತೆಗೆ ತರುತ್ತಾನೆ. ಒಬ್ಬ ಗಿರಾಕಿ ಬೆಲೆ ಏರಿಸುತ್ತಾ ಹೋಗುತ್ತಾನೆ: ಬೆಲೆಬಾಳುವ ಬಟ್ಟೆ, ಚಿನ್ನ, ತೊಂಬತ್ತು ದಿರ್ಹಮ್, ಹದ ಮಾಡಿದ ತೊಗಲು. ಖವ್ವಾಸ್ ತನ್ನೊಳಗೇ ಮಾತಾಡಿಕೊಳ್ಳುತ್ತಾನೆ, ಕೊಡಲೇ, ಬಿಡಲೇ ಎಂದು. ಸುತ್ತ ನಿಂತವರು, ಮಾರಿಬಿಡು, ಇಂಥ ಲಾಭ ಬಿಡಬೇಡ ಎನ್ನುತ್ತಾರೆ. ಅವನು ಮಾರುತ್ತಾನೆ. ಮಾರಿದ ಗಳಿಗೆಯಲ್ಲಿ ಕಣ್ಣು ತುಂಬಿ ಬರುತ್ತದೆ, ಎದೆ ಸುಡುತ್ತದೆ. ಈಜಿಪ್ಟಿನ ವಿದ್ವಾಂಸ ಮಹ್ಮೂದ್ ಮುಹಮ್ಮದ್ ಶಾಕಿರ್ 1952ರಲ್ಲಿ ಈ ಪ್ರಸಂಗವನ್ನೇ ಹಿಗ್ಗಿಸಿ ಒಂದು ದೀರ್ಘ ಕವಿತೆ ಬರೆದರು. ಮಾರಿದ ವಸ್ತುವಿಗಾಗಿ ಅಳುವ ಕಸುಬುದಾರನನ್ನು ನಾವು ಇಂದು ಎಲ್ಲಿ ಹುಡುಕಬೇಕು? ಇದ್ದಾರೆ, ಆದರೆ ಅವರ ಅಂಗಡಿಗೆ ಬೋರ್ಡು ಇರುವುದಿಲ್ಲ.

ಸಹೋದರರೇ, ಹೆದೆ ಏರಿಸದೆ ಗೋಡೆಗೆ ಒರಗಿಸಿಟ್ಟ ಎರಡು ಬಿಲ್ಲುಗಳಲ್ಲಿ ಯಾವುದು ಒಳ್ಳೆಯದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಒಂದನ್ನು ಎರಡು ವರ್ಷ ಒಣಗಿಸಿರಬಹುದು, ಇನ್ನೊಂದನ್ನು ಹೊಗೆಗೆ ಹಿಡಿದು ಎರಡೇ ವಾರದಲ್ಲಿ ಮುಗಿಸಿರಬಹುದು. ಒಂದರ ನಾರು ಉದ್ದಕ್ಕೂ ಅಖಂಡವಾಗಿರಬಹುದು, ಇನ್ನೊಂದರಲ್ಲಿ ಹುಳು ಕೊರೆದ ತೂತಿಗೆ ಮೇಣ ತುಂಬಿ ಎಣ್ಣೆ ತಿಕ್ಕಿರಬಹುದು. ಎರಡೂ ಹೊಳೆಯುತ್ತವೆ. ಎಣ್ಣೆ ತಿಕ್ಕಿದ್ದು ತುಸು ಹೆಚ್ಚೇ ಹೊಳೆದೀತು. ವ್ಯತ್ಯಾಸ ತಿಳಿಯುವುದು ಪೂರ್ತಿ ಎಳೆದಾಗ. ಆಗ ಹೆದೆ ಕೊಂಡವನ ಕೆನ್ನೆಯ ಹತ್ತಿರ ಇರುತ್ತದೆ, ಕಣ್ಣಿನ ಮುಂದೆಯೇ ಮರ ಸಿಡಿಯುತ್ತದೆ. ಮಾರಿದವನು ಆ ಹೊತ್ತಿಗೆ ಬೇರೆ ಸಂತೆಯಲ್ಲಿರುತ್ತಾನೆ.

ಈಗ ಉಖ್ಬಾ ಬಿನ್ ಆಮಿರ್(ರ) ಅವರ ಹೆಸರಿಗೆ ಮರಳೋಣ. ಬಾಣ ಮಾಡಿದವನಿಗೆ ಸ್ವರ್ಗವಿದೆ ಎಂಬ ಹದೀಸನ್ನು ನಮಗೆ ತಲಪಿಸಿದ ಇದೇ ಸಹಾಬಿ ಇನ್ನೊಂದು ಹದೀಸನ್ನೂ ತಲಪಿಸಿದ್ದಾರೆ. ಅದು ಇಬ್ನು ಮಾಜಃದ ವ್ಯಾಪಾರದ ಅಧ್ಯಾಯದಲ್ಲಿದೆ. ದೋಷವಿರುವ ವಸ್ತುವನ್ನು ಆ ದೋಷ ಹೇಳದೆ ತನ್ನ ಸಹೋದರನಿಗೆ ಮಾರುವುದು ಮುಸ್ಲಿಮನಿಗೆ ಹಲಾಲ್ ಅಲ್ಲ ಎಂಬುದು ಅದರ ಸಾರ. ಎರಡು ಹದೀಸ್‌ಗಳು ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿವೆ. ನಾವು ಮದ್ರಸದಲ್ಲಿ ಓದುವಾಗಲೂ ಅವನ್ನು ಬೇರೆ ಬೇರೆಯಾಗಿಯೇ ಓದುತ್ತೇವೆ. ಆದರೆ ಕೇಳಿದ ಕಿವಿ ಒಂದೇ. ಬಿಲ್ಲಿನ ವಿದ್ಯೆ ಬಲ್ಲ ಮನುಷ್ಯನಿಗೆ ಎರಡನೆಯ ಮಾತು ಎಷ್ಟು ಆಳಕ್ಕೆ ಇಳಿದಿರಬೇಕು! ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆಯನ್ನು ಹೊರತಂದ ಘಟನೆ ನಿಮಗೆಲ್ಲ ತಿಳಿದದ್ದೇ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ನೆನೆದದ್ದು ಅಪರಾಧವಾಗಿರಲಿಲ್ಲ. ಮುಚ್ಚಿಟ್ಟದ್ದು ಅಪರಾಧವಾಯಿತು.

ಇಂದು ನಮ್ಮಲ್ಲಿ ಬಿಲ್ಲು ಮಾಡುವವರಿಲ್ಲ. ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡುವವರಿದ್ದಾರೆ. ಬಿರುಕಿಗೆ ಅಂಟಿನಲ್ಲಿ ಕಲಸಿದ ಮರದ ಹೊಟ್ಟು ತುಂಬಿ ಪಾಲಿಶ್ ಹೊಡೆಯುವುದು, ಬಿಳಿ ಭಾಗಕ್ಕೆ ಬಣ್ಣ ಕೊಟ್ಟು ಚೇಗೆಂದು ಹೇಳುವುದು, ಹಸಿಮರದ ಚೌಕಟ್ಟು ಕೂರಿಸಿ ಬೇಸಿಗೆಯಲ್ಲಿ ಸಂದು ಬಿಟ್ಟಾಗ ಫೋನ್ ಎತ್ತದಿರುವುದು, ಇವೆಲ್ಲ ಸಣ್ಣ ವಿಷಯಗಳಲ್ಲ. ಬಿರುಕು ತುಂಬುವುದು ಹರಾಮ್ ಎಂದು ನಾವು ಹೇಳುತ್ತಿಲ್ಲ. ತುಂಬಿ, ತುಂಬಿದ್ದೇನೆ ಎಂದು ಹೇಳಿ. ಬೆಲೆ ಸ್ವಲ್ಪ ಇಳಿಯಬಹುದು, ಇಳಿಯಲಿ. ಕೊಂಡವನು ಆಮೇಲೆ ದೋಷ ಕಂಡರೆ ವಸ್ತುವನ್ನು ಹಿಂತಿರುಗಿಸುವ ಹಕ್ಕು ಅವನಿಗಿದೆ ಎಂದು ಫುಖಹಾಗಳು ಹೇಳಿದ್ದಾರೆ. ಅದು ಮಾರಿದವನ ಔದಾರ್ಯವಲ್ಲ.

ಆದರೆ ತಪ್ಪನ್ನೆಲ್ಲ ಮಾಡುವವನ ಮೇಲೆ ಹಾಕುವುದು ನ್ಯಾಯವಲ್ಲ. ಮುಂದಿನ ತಿಂಗಳು ನಿಕಾಹ್ ಇದೆ, ವಾರದೊಳಗೆ ಮಂಚ ಬೇಕು ಎಂದು ಹಠ ಹಿಡಿಯುವವರು ನಾವೇ. ಮರ ಒಣಗಲು ಬಿಡದವರು ನಾವು, ಅದು ಬಿರುಕು ಬಿಟ್ಟಾಗ ಬೈಯುವವರೂ ನಾವು. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ಬಾಯಿಪಾಠವಿದ್ದೂ ಬಾಕಿ ಹಣಕ್ಕೆ ಆರು ತಿಂಗಳು ಅಲೆದಾಡಿಸುವವರಿದ್ದಾರೆ. ಇನ್ನೊಂದು ಮಾತು ಹೇಳಲೇಬೇಕು. ಹುಡುಗ ಗಲ್ಫಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ ಎಂದರೆ ಹೆಣ್ಣು ಕೊಡಲು ಸಿದ್ಧರಿರುವ ಮನೆಗಳು, ಊರಲ್ಲೇ ಮರಗೆಲಸ ಮಾಡುತ್ತಾನೆ ಎಂದರೆ ಮುಖ ತಿರುಗಿಸುತ್ತವೆ. ಹ. ಝಕರಿಯ್ಯಾ(ಅ) ಬಡಗಿಯಾಗಿದ್ದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹ. ದಾವೂದ್(ಅ) ತಮ್ಮ ಕೈಕೆಲಸದಿಂದ ಉಣ್ಣುತ್ತಿದ್ದರು. ಅವರಿಗೆ ಕವಚ ಮಾಡಲು ಕಲಿಸಿದ ಅಲ್ಲಾಹನು, ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದು ಸೂರಃ ಸಬಅ್‌ನಲ್ಲಿ ಆಜ್ಞಾಪಿಸಿದ್ದಾನೆ. ಕೊಂಡಿಯ ಅಳತೆಯ ಬಗ್ಗೆ ಕುರ್‌ಆನ್ ಮಾತಾಡುತ್ತದೆ! ಆ ಕೆಲಸವನ್ನು ಕೀಳೆನ್ನಲು ನಾವು ಯಾರು?

ಹ. ಉಖ್ಬಾ(ರ) ಮುಂದೆ ಈಜಿಪ್ಟಿನ ರಾಜ್ಯಪಾಲರಾದರು. ಮುಪ್ಪಿನಲ್ಲೂ ಎರಡು ಗುರಿಗಳ ನಡುವೆ ನಡೆದಾಡುತ್ತಾ ಬಿಲ್ಲಿನ ಅಭ್ಯಾಸ ಮಾಡುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ಕಷ್ಟ ಯಾಕೆ ಎಂದು ಒಬ್ಬರು ಕೇಳಿದರು. ಕಲಿತ ಮೇಲೆ ಬಿಟ್ಟವನು ನಮ್ಮವನಲ್ಲ ಎಂಬರ್ಥದ ಮಾತನ್ನು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ, ಅದಿಲ್ಲದಿದ್ದರೆ ಈ ಶ್ರಮ ಪಡುತ್ತಿರಲಿಲ್ಲ ಎಂದರು. ಅವರು ತೀರಿಕೊಂಡದ್ದು ಹಿಜ್ರಾ 58ರಲ್ಲಿ. ಅರುವತ್ತೋ ಎಪ್ಪತ್ತೋ ದಾಟಿದ ಸಂಖ್ಯೆಯ ಬಿಲ್ಲುಗಳನ್ನು, ಪ್ರತಿಯೊಂದಕ್ಕೂ ಬತ್ತಳಿಕೆ ಮತ್ತು ಬಾಣಗಳ ಸಮೇತ ಅವರು ಬಿಟ್ಟುಹೋದರು ಎಂದು ವರದಿಗಳಲ್ಲಿದೆ. ರಾಜ್ಯಪಾಲರಾಗಿದ್ದವರ ಮನೆಯಲ್ಲಿ ಉಳಿದ ಆಸ್ತಿ ಅದು.

ಕೊನೆಗೆ ಒಂದು ವಿಷಯ. ನಮ್ಮ ಜಮಾಅತಿನ ಒಬ್ಬ ಹಿರಿಯ ಮರಗೆಲಸದವರು ಇಬ್ಬರು ಹುಡುಗರಿಗೆ ಕೆಲಸ ಕಲಿಸಲು ಒಪ್ಪಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗರಿದ್ದರೆ ಹೆತ್ತವರು ಅವರನ್ನು ಕರೆದುಕೊಂಡು ಇಶಾ ನಮಾಝಿನ ನಂತರ ನಮ್ಮನ್ನು ಕಾಣಲಿ. ಊಟ ಅವರ ಮನೆಯಲ್ಲೇ, ಮೊದಲ ತಿಂಗಳಿನಿಂದಲೇ ಸ್ವಲ್ಪ ಕೂಲಿಯೂ ಇದೆ. ಅವರ ಷರತ್ತು ಎರಡೇ: ಕನಿಷ್ಠ ಎರಡು ವರ್ಷ ಬಿಡದೆ ಬರಬೇಕು, ಮತ್ತು ಮೊದಲ ಕೆಲವು ತಿಂಗಳು ಉಳಿ ಮಸೆಯುವುದು, ಮರ ಗುರುತಿಸುವುದು ಬಿಟ್ಟು ಬೇರೇನೂ ಕೇಳಬಾರದು.